ಜಂಪರ್ ಇಲ್ಲದ ಬೋರ್ಡು

ಮಾರ್ಚ್ ೩, ಭಾನುವಾರ

ಎರಡನೇ ಸರ್ಕ್ಯೂಟ್ ಬೋರ್ಡು ಇವತ್ತು ಶುರು ಮಾಡಿದೆ. ಹೆಂಡತಿಗೆ ಆಫೀಸಿನ ಕೆಲಸ ಎಂದು ಹೇಳಿದ್ದೇನೆ. ಆಂಪ್ಲಿಫೈಯರ್ ಎಂಬ ಮಾತನ್ನು ಐದು ತಿಂಗಳಿಂದ ಈ ಮನೆಯಲ್ಲಿ ಯಾರೂ ಎತ್ತಿಲ್ಲ, ನಾನೇ ಎತ್ತಿ ಯಾಕೆ ಬೈಸಿಕೊಳ್ಳಲಿ? ಮಾತಾಡಲು ಒಂದು ಜಾಗ ಬೇಕಲ್ಲ, ಅದಕ್ಕೆ ಈ ಡೈರಿ.

ಒಂದು ವಿಷಯ ಇತ್ಯರ್ಥವಾಗಬೇಕು. ನಾನು ಮತ್ತು ಭಾವ ಸೇರಿ ಮಾಡಿದ ಮೊದಲನೇ ಆಂಪ್ಲಿಫೈಯರ್‌ನಲ್ಲಿ ಗುಂಯ್ ಎಂದು ಸದ್ದು ಬರುತ್ತಿತ್ತು. ಹಾಡಿನ ಹಿಂದೆ ಸದಾ ಗುಂಯ್. ಅದು ನನ್ನ ಬೋರ್ಡಿನದಲ್ಲ, ಅವರ ಮನೆಯ ವಯರಿಂಗಿನದು. ಆಗಲೂ ಹೇಳಿದ್ದೆ, ಈಗಲೂ ಹೇಳುತ್ತೇನೆ. ಅದೇ ಬೋರ್ಡಿನ ಪಡಿಯಚ್ಚು ಮಾಡಿ ನನ್ನ ಮನೆಯಲ್ಲಿ ಹಾಕಿ ನೋಡುತ್ತೇನೆ. ಇಲ್ಲಿ ಸದ್ದು ಬರುವುದಿಲ್ಲ. ಅಲ್ಲಿಗೆ ಕೈ ತೊಳೆದುಕೊಂಡೆ.

ಹತ್ತೊಂಬತ್ತು ವರ್ಷದಿಂದ ಎಲೆಕ್ಟ್ರಾನಿಕ್ ತಕ್ಕಡಿಯ ಕಾರ್ಖಾನೆಯಲ್ಲಿ ಕೂತು ಬೋರ್ಡಿನ ನಕ್ಷೆ ಬಿಡಿಸುತ್ತಿರುವವನು ನಾನು. ತಾಮ್ರದ ಗೆರೆ ಒಂದಕ್ಕೊಂದು ಅಡ್ಡ ಹಾಯುವ ಹಾಗಿಲ್ಲ. ಹಾಯಲೇಬೇಕಾಗಿ ಬಂದರೆ ಒಂದು ಗೆರೆಯನ್ನು ಕಡಿದು, ಮೇಲಿನಿಂದ ಚೂರು ತಂತಿ ಹಾರಿಸಿ ಬೆಸುಗೆ ಹಾಕಬೇಕು. ಅದಕ್ಕೆ ಜಂಪರ್ ಎನ್ನುತ್ತಾರೆ. ನನ್ನ ಲೆಕ್ಕದಲ್ಲಿ ಜಂಪರ್ ಹಾಕುವುದೆಂದರೆ ಕೈಲಾಗಲಿಲ್ಲ ಎಂದು ಒಪ್ಪಿಕೊಂಡ ಹಾಗೆ. ಆ ಬೋರ್ಡಿನಲ್ಲಿ ಎಂಬತ್ತನಾಲ್ಕು ಬಿಡಿಭಾಗ, ಒಂದೇ ಒಂದು ಜಂಪರ್ ಇಲ್ಲ! ನಮ್ಮ ಸಾಹೇಬರು ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿ, "ಗೋಡೆಗೆ ತೂಗುಹಾಕ್ಬಹುದು ಕಣ್ರೀ" ಎಂದಿದ್ದರು. ಭಾವ ಅವತ್ತಿನಿಂದ ನನ್ನನ್ನು ಗೆರೆ ಮೇಷ್ಟ್ರು ಎಂದೇ ಕರೆದರು.

ಮಾರ್ಚ್ ೫, ಮಂಗಳವಾರ

ಕೆಲಸ ಮುಗಿಸಿ ಅಕ್ಕನ ಮನೆಗೆ ಹೋಗಿದ್ದೆ. ಹೋಗದಿದ್ದರೆ ಫೋನು ಮಾಡುತ್ತಾಳೆ, ಹೋದರೆ ಬೈಗುಳ ಕೇಳಬೇಕು. ಬೈಗುಳ ನನಗಲ್ಲ, ಭಾವನಿಗೆ. ಸತ್ತವರನ್ನು ಇಷ್ಟು ಮನಸ್ಸಿಟ್ಟು ಬೈಯುವವರನ್ನು ನಾನು ಬೇರೆಲ್ಲೂ ನೋಡಿಲ್ಲ.

"ಊರಿಗೆಲ್ಲ ಅರ್ತ್ ಪಾಠ ಹೇಳ್ತಿದ್ದ ಮನುಷ್ಯ ಕಣೋ," ಎಂದಳು. "ಹಸಿರು ತಂತಿ ಬಿಚ್ಚಬೇಡಿ, ಡಬ್ಬಿಗೆ ಕರೆಂಟ್ ಬಂದ್ರೆ ಅದೇ ನಿಮ್ಮನ್ನ ಉಳಿಸೋದು, ಫ್ಯೂಸ್ ಹಾರುತ್ತೆ, ಜೀವ ಉಳಿಯುತ್ತೆ ಅಂತ. ಮನೆಮನೆಗೂ ಹೇಳಿದ್ದೇ ಹೇಳಿದ್ದು. ತನ್ನ ಮನೇಲಿ ತಾನೇ ಬಿಚ್ಚಿ ಸುತ್ತಿ ಇಟ್ಟಿದ್ದ! ಯಾಕೆ? ಹಾಡು ಚೆನ್ನಾಗಿ ಕೇಳ್ಸೋಕೆ! ನನಗಿಂತ ಹಾಡು ಹೆಚ್ಚಾಯ್ತಾ ಅವನಿಗೆ?"

ಭಾವ ಸತ್ತ ದಿನ ಅವಳು ಆಗಷ್ಟೇ ನೆಲ ಒರೆಸಿದ್ದಳು, ನೆಲ ಇನ್ನೂ ಹಸಿಯಿತ್ತು. ಭಾವ ಬರಿಗಾಲಲ್ಲಿ ಬಂದು, ಪ್ಲೇಯರಿನ ಕೇಬಲ್ ಕಿತ್ತು, ಆಂಪ್ಲಿಫೈಯರನ್ನು ಸ್ವಲ್ಪ ಪಕ್ಕಕ್ಕೆ ಸರಿಸಲು ಎರಡೂ ಕೈಯಲ್ಲಿ ಹಿಡಿದರು. ಒಳಗಿನ ಹಳೇ ಟ್ರಾನ್ಸ್‌ಫಾರ್ಮರ್ ಅದಾಗಲೇ ಸುಟ್ಟು ಕರೆಂಟನ್ನು ಡಬ್ಬಿಗೆ ಬಿಟ್ಟಿತ್ತು. ಅರ್ತ್ ತಂತಿ ಇದ್ದಿದ್ದರೆ ಫ್ಯೂಸ್ ಹಾರಿ ಅಲ್ಲಿಗೇ ಮುಗಿಯುತ್ತಿತ್ತು. ತಪಾಸಣೆಗೆ ಬಂದವರು ಮುಚ್ಚಳ ತೆಗೆದು ನೋಡಿ ಒಂದೇ ಮಾತು ಹೇಳಿದರು: ಅರ್ತ್ ಬಿಚ್ಚಿದ್ದಾರೆ, ಎಲೆಕ್ಟ್ರಿಷಿಯನ್ ಆಗಿದ್ದುಕೊಂಡು. ಆ ಡಬ್ಬಿಯನ್ನು ಒಯ್ದವರು ಇನ್ನೂ ಹಿಂದಕ್ಕೆ ಕೊಟ್ಟಿಲ್ಲ.

ಬಿಚ್ಚಿದ್ದು ಭಾವನೇ. ಅವರ ಕೈ, ಅವರ ಸ್ಕ್ರೂಡ್ರೈವರ್. ಅದರಲ್ಲಿ ಸುಳ್ಳೇನೂ ಇಲ್ಲ.

ಮಾರ್ಚ್ ೯, ಶನಿವಾರ

ಗೆರೆ ಎಲ್ಲ ಸರಿ ಇದೆ. ಮೂರು ಸಲ ನೋಡಿದೆ. ಒಂದು ಕಡೆಯೂ ತಪ್ಪಿಲ್ಲ.

ಮಾರ್ಚ್ ೧೦, ಭಾನುವಾರ

ಗುಟ್ಟು ರಟ್ಟಾಯಿತು. ಬೋರ್ಡಿನ ಚಿತ್ರವನ್ನು ನುಣುಪು ಕಾಗದದ ಮೇಲೆ ಮುದ್ರಿಸಿ, ತಾಮ್ರದ ತಗಡಿನ ಮೇಲೆ ಬೋರಲು ಹಾಕಿ, ಇಸ್ತ್ರಿ ಪೆಟ್ಟಿಗೆಯಲ್ಲಿ ಒತ್ತುತ್ತಿದ್ದೆ. ಮಸಿ ತಾಮ್ರಕ್ಕೆ ಹತ್ತಬೇಕಾದರೆ ಹದವಾಗಿ ಒತ್ತಬೇಕು, ಅವಸರ ಮಾಡಿದರೆ ಗೆರೆ ಕದಡುತ್ತದೆ. ಅಷ್ಟರಲ್ಲಿ ಹೆಂಡತಿ ಬಾಗಿಲಲ್ಲಿ ಪ್ರತ್ಯಕ್ಷ.

"ನನ್ನ ಇಸ್ತ್ರಿ ಪೆಟ್ಟಿಗೆ!" ಎಂದಳು. "ಹೋದ್ಸಲ ಇದೇ ಮಾಡಿ ನನ್ನ ಬಿಳಿ ಕುಪ್ಪಸದ ಮೇಲೆ ಟ್ರಾನ್ಸಿಸ್ಟರ್ ಮೂಡಿಸಿದ್ರಿ."

"ಇದು ಆಫೀಸಿಂದು."

"ನಿಮ್ಮ ಆಫೀಸಿನ ತಕ್ಕಡಿ ಯಾವಾಗಿಂದ ಹಾಡೋಕೆ ಶುರು ಮಾಡ್ತು?"

ಎಲ್ಲ ನೋಡಿಯೂ ಅವಳು ಕೂಗಾಡಲಿಲ್ಲ. ಬಚ್ಚಲಿನಲ್ಲಿ ಕಂದು ಆ್ಯಸಿಡ್ಡಿನ ತಟ್ಟೆಯಲ್ಲಿ ಬೋರ್ಡು ಅಲ್ಲಾಡಿಸುತ್ತಿದ್ದಾಗ ಬಂದು, ಗೋಡೆಗೆ ಒರಗಿ ಸುಮ್ಮನೆ ನಿಂತಿದ್ದಳು. ಬೇಡದ ತಾಮ್ರ ಕರಗಿ ಗೆರೆಗಳಷ್ಟೇ ಉಳಿಯುವುದನ್ನು ನೋಡುತ್ತಿದ್ದಳೋ, ನನ್ನನ್ನು ನೋಡುತ್ತಿದ್ದಳೋ, ತಿಳಿಯಲಿಲ್ಲ. ಬೆರಳ ತುದಿಗಳೆಲ್ಲ ಹಳದಿಯಾಗಿವೆ, ಸೋಪು ಹಾಕಿದರೂ ಹೋಗಿಲ್ಲ.

ಮಾರ್ಚ್ ೧೪, ಗುರುವಾರ

ಆಫೀಸಿನಲ್ಲಿ ಊಟದ ಬಿಡುವಿನಲ್ಲಿ ನಮ್ಮ ಕೋಣೆಯ ಹನ್ನೊಂದು ಪ್ಲಗ್‌ಗಳ ಅರ್ತ್ ಪರೀಕ್ಷೆ ಮಾಡಿದೆ. ಒಂದು ಸಡಿಲವಿತ್ತು, ಬಿಗಿ ಮಾಡಿಸಿದೆ. ಟೀ ಕಾಯಿಸುವ ಪಾತ್ರೆಯದ್ದೂ ನೋಡಿದೆ. ಸಾಹೇಬರು, "ಏನ್ರೀ, ಸೇಫ್ಟಿ ಆಫೀಸರ್ ಆಗೋ ಆಲೋಚನೆ ಇದ್ಯಾ?" ಎಂದು ನಕ್ಕರು. ಪುರುಸೊತ್ತಿತ್ತು, ಮಾಡಿದೆ ಅಷ್ಟೆ. ನಿನ್ನೆ ಮೆಟ್ಟಿಲ ಪಕ್ಕದ ಮನೆಯವರ ಫ್ರಿಜ್ ನೋಡಿಕೊಟ್ಟಿದ್ದೂ ಹಾಗೆಯೇ.

ಮಾರ್ಚ್ ೧೭, ಭಾನುವಾರ

ಗುಂಯ್.

ಬಿಡಿಭಾಗ ಕೂಡಿಸಿ, ಹೊಸ ಟ್ರಾನ್ಸ್‌ಫಾರ್ಮರ್ ಹಾಕಿ, ಡಬ್ಬಿಗೆ ಅರ್ತ್ ಕಟ್ಟಿ, ಕಂಪ್ಯೂಟರಿನಿಂದ ಕೇಬಲ್ ಕೊಟ್ಟು ಸ್ವಿಚ್ ಒತ್ತಿದರೆ ಅದೇ ಗುಂಯ್. ನನ್ನ ಮನೆಯಲ್ಲಿ, ನನ್ನ ವಯರಿಂಗಿನಲ್ಲಿ. ನಮ್ಮ ಕಟ್ಟಡದ ವಯರಿಂಗೂ ಹಾಳಾಗಿದೆ ಎಂದುಕೊಂಡೆ. ಹೆಂಡತಿ ಅಡುಗೆಮನೆಯಿಂದ ಕೂಗಿದಳು: "ಜೇನುಹುಳ ಬಂತಾ?"

ಆಮೇಲೆ ಸುಮ್ಮನೆ ನೋಡೋಣ ಎಂದು ಅರ್ತ್ ತಂತಿ ಬಿಚ್ಚಿದೆ. ಸದ್ದು ನಿಂತೇಹೋಯಿತು. ಹಾಡು ಎಷ್ಟು ಚೆಂದ ಕೇಳಿಸಿತೆಂದರೆ! ಹಾಡುವವಳು ಉಸಿರು ತೆಗೆದುಕೊಳ್ಳುವುದೂ ಕೇಳಿಸುತ್ತದೆ. ವಾಲ್ಯೂಮ್ ಕಡಿಮೆ ಮಾಡಲು ಕೈ ಚಾಚಿದೆ. ಕೈ ಡಬ್ಬಿಯ ಹತ್ತಿರ ಹೋಗಲೇ ಇಲ್ಲ. ಒಣ ನೆಲ, ಕಾಲಲ್ಲಿ ರಬ್ಬರ್ ಚಪ್ಪಲಿ, ಹೊಚ್ಚ ಹೊಸ ಟ್ರಾನ್ಸ್‌ಫಾರ್ಮರ್, ಹೆದರಲು ಏನೂ ಕಾರಣವಿಲ್ಲ. ಆದರೂ ಗೋಡೆಯ ಸ್ವಿಚ್ ಆರಿಸಿ, ಪ್ಲಗ್ ಕಿತ್ತು, ಮೊದಲು ಅರ್ತ್ ಬಿಗಿದೆ. ನೋಡಿದರೆ ಅಂಗಿ ಬೆವರಿನಲ್ಲಿ ತೊಯ್ದಿತ್ತು. ಸೆಕೆ ಶುರುವಾಗಿದೆ.

ಮಾರ್ಚ್ ೧೯, ಮಂಗಳವಾರ

ಆಫೀಸಿಗೆ ಒಯ್ದು ಹಾಕಿದೆ. ಅಲ್ಲೂ ಗುಂಯ್.

ಮಾರ್ಚ್ ೨೦, ಬುಧವಾರ

ಸಿಕ್ಕಿತು. ಬೆಳಿಗ್ಗೆ ಸ್ನಾನ ಕೂಡ ಮಾಡದೆ ಬೋರ್ಡಿನ ಮುಂದೆ ಕೂತಿದ್ದೆ.

ಎಡಮೂಲೆಯಲ್ಲಿ ಒಂದು ಗೆರೆ ಇದೆ. ಹಾಡಿನ ಸಿಗ್ನಲ್ ವಾಪಸು ಬರುವುದು ಅದರಲ್ಲಿ. ಡಬ್ಬಿಯ ಅರ್ತಿಗೆ ಹೋಗುವುದೂ ಅದರಲ್ಲೇ, ಅದಕ್ಕೇ ಗುಂಯ್. ಎರಡಕ್ಕೂ ಬೇರೆ ಬೇರೆ ದಾರಿ ಕೊಟ್ಟು ಕೊನೆಗೆ ಒಂದು ಕಡೆ ಕೂಡಿಸಬೇಕಿತ್ತು. ಇದು ಈ ಕೆಲಸಕ್ಕೆ ಸೇರಿದ ಮೊದಲ ವಾರ ಕಲಿಯುವ ವಿಷಯ, ನಾನೇ ಎಷ್ಟು ಜನರಿಗೆ ಕಲಿಸಿಲ್ಲ! ಆದರೆ ಬೇರೆ ದಾರಿ ಕೊಡಬೇಕಾದರೆ ಗೆರೆ ಒಂದು ಕಡೆ ಅಡ್ಡ ಹಾಯಬೇಕು. ಅಂದರೆ ಒಂದು ಜಂಪರ್ ಬೇಕು.

ನನಗೆ ಗೊತ್ತಿತ್ತು. ಬಿಡಿಸುವಾಗಲೇ ಗೊತ್ತಿತ್ತು. ಇಷ್ಟು ಸಣ್ಣದಕ್ಕೆ ಏನಾಗುತ್ತದೆ ಎಂದು ಎರಡನ್ನೂ ಒಂದೇ ಗೆರೆಗೆ ಸೇರಿಸಿದ್ದೆ. ಒಂದು ಜಂಪರ್ ಇದ್ದರೆ 'ಜಂಪರ್ ಇಲ್ಲ' ಎಂದು ಹೇಳಿಕೊಳ್ಳುವ ಹಾಗಿಲ್ಲವಲ್ಲ.

ಆಫೀಸಿಗೆ ರಜೆ ಹಾಕಿದೆ.

ಮಾರ್ಚ್ ೨೩, ಶನಿವಾರ

ಪೇಟೆಯಲ್ಲಿ ಇನ್ನೊಬ್ಬ ಎಲೆಕ್ಟ್ರಿಷಿಯನ್ ಸಿಕ್ಕ. ಭಾವ ಅವನನ್ನು ದಡಿಯ ಎಂದು ಕರೆಯುತ್ತಿದ್ದರು. ಅವನು ಭಾವನ ಎದುರಾಳಿ. ಇಬ್ಬರೂ ಒಬ್ಬರ ಗಿರಾಕಿಯನ್ನು ಇನ್ನೊಬ್ಬರು ಹಾರಿಸಿಕೊಂಡು ಹೋಗುವುದು, ಸಿಕ್ಕಲ್ಲಿ ಕಾಲೆಳೆಯುವುದು. ನನ್ನನ್ನು ತಡೆದು ನಿಲ್ಲಿಸಿದ.

"ನಿಮ್ಮ ಭಾವ ವಯರಿಂಗ್ ಮಾಡಿದ ಮನೆಯವರೆಲ್ಲ ನನ್ನನ್ನ ಕರೀತಿದಾರೆ. ತನ್ನ ಮನೇದೇ ಅರ್ತ್ ಬಿಚ್ಚಿದೋನು ನಮ್ಮನೇಲಿ ಏನ್ ಮಾಡಿಟ್ಟಿದಾನೋ, ನೋಡಿ ಅಂತ. ಇಲ್ಲೀವರೆಗೆ ಮೂವತ್ತೆರಡು ಮನೆ ನೋಡಿದೆ."

"ಏನಾದ್ರೂ ಸಿಕ್ತಾ?" ಎಂದೆ. ಸಿಗಲಿ ಎಂದು ಮನಸ್ಸು ಆಸೆಪಟ್ಟಿತು. ಸಿಕ್ಕಿದ್ದರೆ ಎಷ್ಟು ಹಗುರವಾಗುತ್ತಿತ್ತು.

"ಏನ್ ಸಿಗುತ್ತೆ? ಒಂದು ಸ್ಕ್ರೂ ಸಡಿಲ ಇಲ್ಲ ಕಣ್ರೀ. ಎಲ್ಲಾ ಕಡೆ ಅರ್ತು ಎರಡೆರಡು ಸಲ ಬಿಗಿದಿದಾನೆ ಪುಣ್ಯಾತ್ಮ. ನಾನೇ ಅಷ್ಟು ಮಾಡಲ್ಲ." ಅವನು ಬೀಡಿ ಹಚ್ಚಿದ, ಕಡ್ಡಿ ಆರುವ ತನಕ ಅದನ್ನೇ ನೋಡುತ್ತಿದ್ದ. "ಅಂಥ ಮನುಷ್ಯ ಯಾಕ್ರೀ ಬಿಚ್ಚಿದ? ನೀವೇ ಜೊತೇಲಿದ್ದೋರು. ನನಗಂತೂ ಲೆಕ್ಕ ಕೂಡ್ತಾ ಇಲ್ಲ."

ತಡವಾಯಿತು ಎಂದು ಹೇಳಿ ಬಂದುಬಿಟ್ಟೆ. ನನಗೆ ಯಾವ ತಡವೂ ಆಗಿರಲಿಲ್ಲ.

ಮಾರ್ಚ್ ೨೪, ಭಾನುವಾರ

ಬರೆದೇ ಬಿಡುತ್ತೇನೆ. ಇದನ್ನು ಓದುವವರು ಯಾರೂ ಇಲ್ಲ.

ಸೆಪ್ಟೆಂಬರ್ ಮೊದಲ ಶನಿವಾರ, ಮಧ್ಯಾಹ್ನ. ಊಟ ಮಾಡಿ ಅಡ್ಡಾಗಿದ್ದೆ. ಭಾವ ಫೋನು ಮಾಡಿದರು.

"ಮೇಷ್ಟ್ರೇ, ಗುಂಯ್ ಅಂತಿದೆಯಲ್ಲಪ್ಪ. ಬೋರ್ಡಲ್ಲೇನಾದ್ರೂ ಇದ್ಯಾ ನೋಡ್ತೀಯಾ?"

ಸಿಟ್ಟು ನೆತ್ತಿಗೇರಿತು. ಬೋರ್ಡು ಎಂದರಲ್ಲ, ಅದಕ್ಕೆ. "ಬೋರ್ಡಲ್ಲಿ ಏನಿರುತ್ತೆ ಭಾವ? ನಿಮ್ಮ ಮನೆ ಅರ್ತ್ ಗಲೀಜು. ಅರ್ತ್ ತಂತಿ ಬಿಚ್ಚಿ, ಹೋಗುತ್ತೆ."

"ಅರ್ತ್ ಬಿಚ್ಚೋದಾ? ಛೆ, ಅದಾಗಲ್ಲ."

"ನೀವು ಬಲ್ಬು, ಫ್ಯಾನು ಹಾಕೋರು. ಇದು ಆಡಿಯೋ. ಆಡಿಯೋದಲ್ಲಿ ಎಲ್ಲರೂ ಹೀಗೇ ಮಾಡೋದು."

"ಬೇಡ ಮಾರಾಯ. ನನ್ನ ಕೈ ಬರಲ್ಲ ಅದಕ್ಕೆ."

"ನಾನ್ ಹೇಳ್ತಿದೀನಲ್ಲ ಭಾವ! ನನಗೆ ಗೊತ್ತಿಲ್ವಾ?"

ಸ್ಕ್ರೂ ತಿರುಗಿಸುವುದು ಕೇಳಿಸಿತು. ಆಮೇಲೆ ಹಾಡು ಬಂತು. ಬರೀ ಹಾಡು. "ಹೌದಲ್ಲೋ! ಭಲೇ ಮೇಷ್ಟ್ರೇ!" ಎಂದು ಮಕ್ಕಳ ಹಾಗೆ ಕೂಗಿದರು. ನನಗೆ ಜಂಬವೋ ಜಂಬ. ಆಮೇಲೆ ಕೇಳಿದರು: "ಸರಿ, ಗೊತ್ತಾಯ್ತಲ್ಲ. ವಾಪಸ್ ಹಾಕ್ಲಾ ಈಗ?"

"ಇರಲಿ ಬಿಡಿ, ನಾನೇ ಬಂದು ನೋಡ್ತೀನಿ" ಎಂದೆ.

ನಾನು ಹೋಗಲಿಲ್ಲ. ಹೋದರೆ ಬೋರ್ಡು ಬಿಚ್ಚಬೇಕು, ಬಿಚ್ಚಿದರೆ ಆ ಎಡಮೂಲೆ ಕಾಣುತ್ತದೆ. ಐದು ವಾರ ಏನೇನೋ ನೆಪ ಹೇಳಿದೆ. ಅಕ್ಟೋಬರ್ ಎರಡನೇ ವಾರ ಅಕ್ಕನ ಫೋನು ಬಂತು.

ವಾಪಸ್ ಹಾಕ್ಲಾ ಎಂದು ಕೇಳಿದ್ದರು. ಹೂಂ ಎನ್ನಬೇಕಿತ್ತು. ಅಷ್ಟೇ ಇದ್ದಿದ್ದು.

ಮಾರ್ಚ್ ೩೧, ಭಾನುವಾರ

ಹೊಸ ಬೋರ್ಡು ಮುಗಿಯಿತು. ಎಡಮೂಲೆ ಬೇರೆ ಮಾಡಿದೆ, ಒಂದು ಜಂಪರ್ ಹಾಕಿದೆ. ಅರ್ತ್ ಕಟ್ಟಿಯೇ ಸ್ವಿಚ್ ಒತ್ತಿದೆ. ಸ್ಪೀಕರಿಗೆ ಕಿವಿ ಹಚ್ಚಿದರೂ ಗುಂಯ್ ಇಲ್ಲ.

ಡಬ್ಬಿಯನ್ನು ಹೆಂಡತಿ ಸುತ್ತಲೂ ತಿರುಗಿಸಿ ನೋಡಿದಳು. "ಅರ್ತ್ ನಾಲ್ಕು ಕಡೆ ಯಾಕೆ ಕಟ್ಟಿದೀರಿ?" ಎಂದಳು. ನಾಲ್ಕು ಕಟ್ಟಿದ್ದೇನೆಂದು ಆಗಲೇ ಗಮನಿಸಿದ್ದು. ಒಂದು ಸಾಕು.

ಹಾಡು ಹಾಕಿ ಅಂದಳು. ಬೇಡ ಎಂದೆ. ಪಕ್ಕದಲ್ಲೇ ಕೂತಳು. ಆಮೇಲೆ ಬಹಳ ಮೆಲ್ಲಗೆ, "ಅವತ್ತು ನಾನು ಇಲ್ಲೇ ಬಟ್ಟೆ ಇಸ್ತ್ರಿ ಮಾಡ್ತಿದ್ದೆ ಕಣ್ರೀ" ಎಂದಳು.

"ಯಾವತ್ತು?"

"ಭಾವನಿಗೆ ಫೋನಲ್ಲಿ ರೇಗಾಡಿದ್ರಲ್ಲ, ಅವತ್ತು."

ಏಳು ತಿಂಗಳು! ಏಳು ತಿಂಗಳು ಇದೇ ಮನೆಯಲ್ಲಿ ನನಗೆ ಊಟ ಬಡಿಸಿಕೊಂಡು, ಅಂಗಿ ಒಗೆದುಕೊಂಡು, ಬಾಯಿಗೆ ಬೀಗ ಹಾಕಿಕೊಂಡು ಇದ್ದಳು. ಯಾಕೆ ಹೇಳಲಿಲ್ಲ ಎಂದು ಅವಳ ಮೇಲೇ ಎಗರಿದೆ. ಎಗರಲು ನನಗೇನು ಹಕ್ಕಿತ್ತೋ ಗೊತ್ತಿಲ್ಲ.

"ನೀವು ಹೇಳ್ತೀರೇನೋ ಅಂತ ಕಾದೆ," ಎಂದಳು. "ಈಗಲೂ ಹೇಳಿ ಅನ್ನಲ್ಲ. ಅತ್ತಿಗೆ ಬಿಟ್ರೆ ನಿಮ್ಮ ಕಡೆಯೋರು ಅಂತ ಯಾರೂ ಇಲ್ಲ. ಆದ್ರೆ ಅವರು ಹೀಗೆ ಬೈಯೋದನ್ನ ಕೇಳಿಸ್ಕೊಂಡು ಬಂದು ನೀವು ಊಟ ಮಾಡ್ತೀರಲ್ಲ, ಅದನ್ನ ನೋಡೋಕೆ ನನಗೆ ಆಗ್ತಿಲ್ಲ."

ನಿಜ. ಅಮ್ಮ ಹೋದಾಗ ನನಗೆ ಎಂಟು ವರ್ಷ, ಅಕ್ಕನಿಗೆ ಹದಿನೇಳು. ನನಗೆ ಬೂಟಿನ ದಾರ ಕಟ್ಟಲು ಕಲಿಸಿದವಳು, ಜ್ವರ ಬಂದಾಗ ಪಕ್ಕದಲ್ಲಿ ಕೂತವಳು, ಈ ಕೆಲಸಕ್ಕೆ ಅರ್ಜಿ ಬರೆಸಿದವಳು ಅವಳೇ. ಹೇಳಿದರೆ ಅವಳು ಮತ್ತೆ ನನ್ನ ಮುಖ ನೋಡುವುದಿಲ್ಲ. ಹೇಳದಿದ್ದರೆ ಭಾವ ಸತ್ತೂ ಬೈಸಿಕೊಳ್ಳುತ್ತಲೇ ಇರುತ್ತಾರೆ.

ಏಪ್ರಿಲ್ ೪, ಗುರುವಾರ

ಹೇಳಲೆಂದೇ ಹೋದೆ. ಅಕ್ಕ ಭಾವನ ಕೆಲಸದ ಚೀಲವನ್ನು ನೆಲದ ಮೇಲೆ ಸುರುವಿಕೊಂಡು ಕೂತಿದ್ದಳು. ಇಕ್ಕಳ, ಟೇಪು, ಟೆಸ್ಟರು. ದಡಿಯನಿಗೆ ಕೊಟ್ಟುಬಿಡುತ್ತಾಳಂತೆ.

"ಅವನಾದ್ರೂ ಬುದ್ಧಿ ಇಟ್ಕೊಂಡು ಕೆಲಸ ಮಾಡ್ಲಿ," ಎಂದಳು. ಕರೆಂಟ್ ಅಳೆಯುವ ಮೀಟರನ್ನು ಮಾತ್ರ ಬಟ್ಟೆಯಲ್ಲಿ ಒರೆಸಿ ನನ್ನ ಕೈಗಿಟ್ಟಳು. "ಇದು ನಿನಗೆ. ನಿನ್ನ ಭಾವ ನಿನ್ನ ಮಾತು ಕೇಳ್ಕೊಂಡು ಇದ್ದಿದ್ರೆ ಇವತ್ತು ಬದುಕಿರ್ತಿದ್ದ."

ಬಾಯಿ ತೆರೆದೆ. ಥ್ಯಾಂಕ್ಸ್ ಅಕ್ಕ ಎಂದೆ. ದೇವರಾಣೆಗೂ ಅದನ್ನೇ ಅಂದೆ! ಮೀಟರ್ ಕಂಕುಳಲ್ಲಿ ಇಟ್ಟುಕೊಂಡು ಬಸ್ಸಿನಲ್ಲಿ ಬಂದೆ. ನನ್ನಂಥ ಹೇಡಿ ಇನ್ನೊಬ್ಬನಿಲ್ಲ.

ಏಪ್ರಿಲ್ ೬, ಶನಿವಾರ

ಊಟ ಸೇರುತ್ತಿಲ್ಲ. ನಾಳೆ ಹೋಗುತ್ತೇನೆ.

ಏಪ್ರಿಲ್ ೭, ಭಾನುವಾರ

ಹೇಳಿದೆ.

ಬೆಳಿಗ್ಗೆ ಹತ್ತು ಗಂಟೆ. ಅಕ್ಕ ಒಣಗಿದ ಬಟ್ಟೆ ಮಡಚುತ್ತಿದ್ದಳು. ಚಪ್ಪಲಿ ಬಿಟ್ಟವನೇ, ಕೂರುವ ಮೊದಲೇ, "ಅಕ್ಕ, ಅರ್ತ್ ಬಿಚ್ಚಿ ಅಂದಿದ್ದು ನಾನು" ಎಂದೆ. ಕೂತರೆ ಹೇಳಲಾರೆ ಎಂದು ಗೊತ್ತಿತ್ತು.

"ಏನಂದೆ?"

ಮತ್ತೆ ಹೇಳಿದೆ. ಪೂರ್ತಿ ಹೇಳಿದೆ. ಫೋನು, ನಾನು ರೇಗಿದ್ದು, ಬಲ್ಬು ಫ್ಯಾನು ಎಂದು ಹೀಯಾಳಿಸಿದ್ದು, ವಾಪಸ್ ಹಾಕ್ಲಾ ಎಂದು ಅವರು ಕೇಳಿದ್ದು, ಐದು ವಾರ ನಾನು ಹೇಳಿದ ನೆಪ. ಅವಳಿಗೆ ಬೋರ್ಡಿನ ವಿಷಯ ಅರ್ಥವಾಗಲಿಲ್ಲ. ಚೀಲದಿಂದ ಎರಡೂ ಬೋರ್ಡು ತೆಗೆದು, ಇದರಲ್ಲಿ ಜಂಪರ್ ಇಲ್ಲ, ಇದರಲ್ಲಿ ಇದೆ ಎಂದು ತೋರಿಸಿದೆ. ಅವಳು ಆ ತಂತಿಯನ್ನು ಉಗುರಿನಿಂದ ಮುಟ್ಟಿ ನೋಡಿದಳು.

"ಇಷ್ಟೇನಾ?"

"ಇಷ್ಟೇ ಅಕ್ಕ."

"ಅವರು ಬೇಡ ಅಂದ್ರಾ?"

"ಅಂದ್ರು."

"ಎಷ್ಟ್ ಸಲ?"

"ಎರಡು ಸಲ."

ಬೋರ್ಡು ಪಕ್ಕಕ್ಕಿಟ್ಟಳು. ಹೊಡೆಯುತ್ತಾಳೆ ಎಂದು ಕಾದೆ, ಹೊಡೆದರೆ ಸಾಕು ಎಂದುಕೊಂಡೆ. ಇನ್ನು ಈ ಮನೆಗೆ ಬರಬೇಡ ಎನ್ನುತ್ತಾಳೆ ಎಂದುಕೊಂಡೆ, ಅದಕ್ಕೂ ತಯಾರಾಗಿ ಬಂದಿದ್ದೆ. ಅವಳು ನನ್ನ ಕಡೆ ನೋಡಲೂ ಇಲ್ಲ. ಮಡಿಲಲ್ಲಿದ್ದ ಟವೆಲನ್ನು ಮಡಚಿದಳು, ಬಿಡಿಸಿದಳು, ಮತ್ತೆ ಮಡಚಿದಳು.

"ನಿನ್ನ ವಿಷಯ ಆಮೇಲೆ," ಎಂದಳು. ಧ್ವನಿ ಏರಲಿಲ್ಲ. "ಆರು ತಿಂಗಳಿಂದ ಆ ಮನುಷ್ಯನನ್ನ ಬೈತಾ ಇದೀನಿ ಕಣೋ. ಎದ್ದ ತಕ್ಷಣ ಬೈತೀನಿ, ಪಾತ್ರೆ ತೊಳೀತಾ ಬೈತೀನಿ. ಮುಟ್ಠಾಳ ಅಂದಿದೀನಿ, ಸ್ವಾರ್ಥಿ ಅಂದಿದೀನಿ. ಮಣ್ಣು ಮಾಡಿದ ದಿನವೂ ಅಳಲಿಲ್ಲ ನಾನು, ಅಷ್ಟು ಸಿಟ್ಟಿತ್ತು. ಬಂದೋರ ಮುಂದೆ ಎಲ್ಲ ಬೈದೆ."

"ಅಕ್ಕ..."

"ನೀನು ಬಂದೆ, ಹೇಳ್ಕೊಂಡೆ. ನಿನಗೆ ಹೇಳ್ಕೊಳ್ಳೋಕೆ ನಾನಿದ್ದೆ." ಆಗ ಮೊದಲ ಸಲ ನನ್ನ ಮುಖ ನೋಡಿದಳು. "ನಾನು ಯಾರ ಹತ್ರ ಹೋಗಿ ತಪ್ಪಾಯ್ತು ಅನ್ಲಿ?"

ಅವಳು ಅಳಲು ಶುರು ಮಾಡಿದಳು. ನಾನು ಸಮಾಧಾನ ಮಾಡಲು ಹೋಗಲಿಲ್ಲ, ಎದ್ದು ಬರಲೂ ಇಲ್ಲ. ಎರಡು ಗಂಟೆಯ ತನಕ ಅವಳ ಎದುರಿಗೆ ನೆಲದ ಮೇಲೆ ಕೂತಿದ್ದೆ.